ನಾರಾಯಣ ಎಂಬ ಹೆಸರು: ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಪರಿಸರದ ಒಂದು ವ್ಯಕ್ತಿನಾಮದ ಅಧ್ಯಯನ

ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನಕ್ಕೆ ದೊರೆತ ಮನ್ನಣೆ ವ್ಯಕ್ತಿನಾಮಗಳ ಅಧ್ಯಯನಕ್ಕೆ ದೊರೆತಿಲ್ಲ. ಶಾಸನಗಳಲ್ಲಿ ಬರುವ ಹೆಸರುಗಳನ್ನು ಕುರಿತು ವಿದ್ವಾಂಸರು ಅಲ್ಲಲ್ಲಿ ಚರ್ಚಿಸಿದ್ದಾರೆ. ಆದರೆ ಒಂದೇ ಹೆಸರು ಒಂದು ಪ್ರದೇಶದಲ್ಲಿ ಧರ್ಮ, ಸಾಹಿತ್ಯ, ಕಲೆ, ಆಡಳಿತಗಳ ಮೂಲಕ ಹೇಗೆ ಸಂಚರಿಸುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿರುವುದು ವಿರಳ. ಹೆಸರು ಸಾಮಾನ್ಯವಾದಷ್ಟೂ ಅದು ಅಧ್ಯಯನಕ್ಕೆ ಯೋಗ್ಯವಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವವಾಗಿ ತೀರ ಸಾಮಾನ್ಯವಾದ ಹೆಸರೇ ಸಾಹಿತ್ಯ ಚರಿತ್ರಕಾರನಿಗೆ ಹೆಚ್ಚಿನ ತೊಡಕನ್ನು ಒಡ್ಡುತ್ತದೆ. ಅದು ಹಲವರನ್ನು ಒಬ್ಬನನ್ನಾಗಿಸುತ್ತದೆ. ಒಬ್ಬನನ್ನು ಹಲವರನ್ನಾಗಿಯೂ ಮಾಡುತ್ತದೆ. ಪ್ರಸ್ತುತ ಲೇಖನದಲ್ಲಿ ‘ನಾರಾಯಣ’ ಎಂಬ ಹೆಸರನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಹಿನ್ನೆಲೆಯಲ್ಲಿ, ವಿಶೇಷವಾಗಿ ಕೈವಾರದ ನಾರಣಪ್ಪನವರನ್ನು ಕೇಂದ್ರದಲ್ಲಿರಿಸಿಕೊಂಡು, ಪರಿಶೀಲಿಸಲಾಗಿದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ (1905) ಈ ತಾಲ್ಲೂಕುಗಳ ಶಾಸನಗಳು ಕೋಲಾರ ಜಿಲ್ಲೆಯ ಹೆಸರಿನಲ್ಲಿಯೇ ಸಂಗ್ರಹಗೊಂಡಿವೆ. ಆಂಧ್ರದ ಗಡಿಗೆ ತಾಗಿದ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತುಗಳು. ಒಂದೇ ಮನೆಯಲ್ಲಿ ಲೆಕ್ಕ ಬರೆಯುವ ನುಡಿ ಒಂದು, ಜಗಳವಾಡುವ ನುಡಿ ಇನ್ನೊಂದು ಆಗಿರುವುದೂ ಉಂಟು. ಹೆಸರುಗಳು ಮಾತ್ರ ಈ ಎರಡು ನುಡಿಗಳ ನಡುವೆ ಯಾವ ಅಡೆತಡೆಯೂ ಇಲ್ಲದೆ ಓಡಾಡುತ್ತವೆ. ಅವುಗಳ ಹಿಂದಿರುವುದು ಭಾಷೆಗಿಂತ ಹೆಚ್ಚಾಗಿ ದೈವ. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ವೆಂಕಟರಮಣ, ಚಿಕ್ಕಬಳ್ಳಾಪುರದ ಬಳಿಯ ರಂಗಸ್ಥಳದ ರಂಗನಾಥ, ನಂದಿಯ ಭೋಗನಂದೀಶ್ವರ ಇವರೆಲ್ಲ ಸುತ್ತಲಿನ ಊರುಗಳ ವೆಂಕಟರಮಣಪ್ಪ, ರಂಗಪ್ಪ, ನಂದೀಶರಾಗಿ ಬಾಳುತ್ತಿದ್ದಾರೆ. ನಾರಾಯಣನಿಗೆ ಈ ಜಿಲ್ಲೆಯಲ್ಲಿ ಎರಡು ಮುಖ್ಯ ನೆಲೆಗಳಿವೆ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಅಶ್ವತ್ಥನಾರಾಯಣ ಮತ್ತು ಚಿಂತಾಮಣಿ ತಾಲ್ಲೂಕಿನ ಕೈವಾರದ ಅಮರನಾರಾಯಣ.

ದೇವರ ಹೆಸರನ್ನು ಮಕ್ಕಳಿಗೆ ಇಡುವ ರೂಢಿಗೆ ಭಾಗವತದ ಆರನೆಯ ಸ್ಕಂಧದ ಅಜಾಮಿಳನ ಕಥೆ ದೊಡ್ಡ ಸಮರ್ಥನೆಯಾಗಿ ನಿಂತಿದೆ. ಆಚಾರಭ್ರಷ್ಟನಾದ ಅಜಾಮಿಳ ಸಾಯುವ ಗಳಿಗೆಯಲ್ಲಿ ತನ್ನ ಕಿರಿಯ ಮಗ ನಾರಾಯಣನನ್ನು ಕೂಗುತ್ತಾನೆ. ಹೆಸರು ದೇವರದೂ ಆಗಿದ್ದುದರಿಂದ ವಿಷ್ಣುದೂತರು ಅವನನ್ನು ಯಮದೂತರಿಂದ ಬಿಡಿಸುತ್ತಾರೆ. ಹರಿಕಥೆ, ಪುರಾಣ ಪ್ರವಚನಗಳ ಮೂಲಕ ಅಕ್ಷರ ಬಾರದವರಿಗೂ ಪರಿಚಿತವಾದ ಈ ಕಥೆಯಲ್ಲಿ ವ್ಯಕ್ತಿನಾಮಶಾಸ್ತ್ರದ ಒಂದು ಮುಖ್ಯ ತತ್ತ್ವವಿದೆ. ಕರೆದವನ ಉದ್ದೇಶ ಮಗ, ಓಗೊಟ್ಟವನು ದೇವರು. ಇಬ್ಬರಿಗೂ ಹೆಸರು ಒಂದೇ ಆದಾಗ ಸಂಬೋಧನೆ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಮುಂದೆ ಕೀರ್ತನೆಗಳ ಅಂಕಿತದ ಚರ್ಚೆಯಲ್ಲಿ ಮತ್ತೆ ಎದುರಾಗುತ್ತದೆ.

ಹೆಸರಿಟ್ಟ ಮಾತ್ರಕ್ಕೆ ಹೆಸರಾಂತವರೆಲ್ಲ ಭಕ್ತರಾಗಬೇಕೆಂದೇನೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಹೊತ್ತದ್ದು ಕಂಬದಿಂದ ಒಡೆದು ಬಂದ ದೇವರ ಹೆಸರನ್ನು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅವರು ಮಾಡಿದ್ದು ಪವಾಡಗಳನ್ನು ಪರೀಕ್ಷಿಸುವ ಸಮಿತಿಯ ರಚನೆಯನ್ನು.

‘ನಾರಾಯಣ’ ಸಂಸ್ಕೃತ ಶಬ್ದ. ನೀರನ್ನು ನೆಲೆಯಾಗಿ ಉಳ್ಳವನೆಂಬ ನಿರ್ವಚನ ಮನುಸ್ಮೃತಿಯಷ್ಟು ಹಳೆಯದು. ಜನಬಳಕೆಯಲ್ಲಿ ಇದು ತಾಳಿರುವ ರೂಪಗಳನ್ನು ಎರಡು ದಾರಿಗಳಲ್ಲಿ ವಿಂಗಡಿಸಬಹುದು. ಮೊದಲನೆಯದು ನಡುವಿನ ಅಕ್ಷರಗಳು ಸವೆದು ‘ನಾರಣ’ ಆಗುವ ದಾರಿ. ನಾರಣಪ್ಪ, ನಾರಣಯ್ಯ, ಆಡುಮಾತಿನ ನಾರ್ಣಪ್ಪ, ಮುದ್ದಿನ ನಾಣಿ ಈ ಗುಂಪಿಗೆ ಸೇರುತ್ತವೆ. ಎರಡನೆಯದು ಯಕಾರದ ಪ್ರಭಾವದಿಂದ ಅದರ ಹಿಂದಿನ ಆಕಾರವು ಏಕಾರವಾಗಿ ‘ನಾರೇಯಣ’ ಆಗುವ ದಾರಿ. ಕೈವಾರದ ಸಂತರ ಅಂಕಿತದಲ್ಲಿ ನೆಲೆಗೊಂಡಿರುವುದು ಈ ಎರಡನೆಯ ರೂಪ. ಇದನ್ನು ಲಿಪಿಕಾರನ ತಪ್ಪೆಂದು ಭಾವಿಸಿ ‘ನಾರಾಯಣ’ ಎಂದು ತಿದ್ದುವ ಸಂಪಾದಕನು ಆ ಸೀಮೆಯ ಉಚ್ಚಾರಣೆಯ ಒಂದು ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.

ಮೂಲನಾಮ ಒಂದೇ ಆದರೂ ಅದಕ್ಕೆ ಹತ್ತುವ ಪ್ರತ್ಯಯಗಳು ಸಮಾಜದ ಶ್ರೇಣಿಯನ್ನು ನುಡಿಯುತ್ತವೆ. ನಾರಾಯಣಶಾಸ್ತ್ರಿ, ನಾರಾಯಣಾಚಾರ್, ನಾರಾಯಣಶೆಟ್ಟಿ, ನಾರಾಯಣರೆಡ್ಡಿ, ನಾರಾಯಣಗೌಡ ಎಂದೊಡನೆ ಜಾತಿ ಅಥವಾ ವೃತ್ತಿಯ ಒಂದು ಊಹೆ ಕೇಳುವವನ ಮನಸ್ಸಿನಲ್ಲಿ ಮೂಡುತ್ತದೆ. ‘ಅಪ್ಪ’ ಮತ್ತು ‘ಸ್ವಾಮಿ’ಗಳು ಹೆಚ್ಚು ಉದಾರವಾದವು, ನಾರಾಯಣಪ್ಪ, ನಾರಾಯಣಸ್ವಾಮಿಗಳು ಈ ಭಾಗದಲ್ಲಿ ಹಲವು ಸಮುದಾಯಗಳಲ್ಲಿ ದೊರೆಯುತ್ತಾರೆ. ಕೋಲಾರ ಸೀಮೆಯ ವಿಶಿಷ್ಟ ಕೊಡುಗೆಯೆಂದರೆ ಪ್ರತ್ಯಯವಲ್ಲ, ಪೂರ್ವಪದ. ಗ್ರಾಮದೈವವಾದ ಮುನೀಶ್ವರನ ‘ಮುನಿ’ಯು ವೈಷ್ಣವ ನಾಮಗಳ ಮುಂದೆ ಬಂದು ಕುಳಿತು ಮುನಿವೆಂಕಟಪ್ಪ, ಮುನಿನಾರಾಯಣಪ್ಪ ಎಂಬ ಹೆಸರುಗಳು ಹುಟ್ಟಿವೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಜೋಡಣೆ ನಾಡಿನ ಹೊರಗೂ ಕೇಳಿಸಿತು. ಊರಾಚೆಯ ಮರದಡಿಯ ಮುನೀಶ್ವರನೂ ತಿರುಮಲೆಯ ವೆಂಕಟನೂ ಒಬ್ಬನೇ ಮನುಷ್ಯನ ಹೆಸರಿನಲ್ಲಿ ಕೂಡುವುದು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಕಾಣದ, ಆದರೆ ಜನಜೀವನದಲ್ಲಿ ನಿತ್ಯವಾದ ಸಂಗತಿ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ವಂಶದಲ್ಲಿ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ನಾರಾಯಣಪ್ಪಂದಿರು ಮರಳಿ ಬರುತ್ತಾರೆ. ಆದುದರಿಂದ ಹೆಸರೊಂದರಿಂದಲೇ ವ್ಯಕ್ತಿಯನ್ನು ಗುರುತಿಸುವುದು ಈ ಸಮಾಜದಲ್ಲಿ ಸಾಧ್ಯವಿರಲಿಲ್ಲ. ಭೂದಾಖಲೆಗಳು ಕಂಡುಕೊಂಡ ಉಪಾಯ ಸರಳವಾದುದು. ಪಹಣಿಯಲ್ಲಿ ‘ನಾರಾಯಣಪ್ಪ ಬಿನ್ ಮುನಿಯಪ್ಪ’ ಎಂಬ ಮಾದರಿಯಲ್ಲಿ ಮಗನನ್ನು ತಂದೆಯಿಂದಲೂ, ‘ಕೋಂ’ ಎಂದು ಬರೆದು ಹೆಂಡತಿಯನ್ನು ಗಂಡನಿಂದಲೂ ಗುರುತಿಸಲಾಗುತ್ತದೆ. ಮಗ ಎಂಬರ್ಥದ ಅರಬ್ಬಿ ಶಬ್ದವೊಂದು ವಿಷ್ಣುನಾಮವನ್ನೂ ಗ್ರಾಮದೈವದ ಹೆಸರನ್ನೂ ಬೆಸೆಯುತ್ತಿದೆ ಎಂಬುದನ್ನು ಬರೆಯುವ ಗುಮಾಸ್ತನಾಗಲಿ, ಹಿಡಿದುಕೊಂಡು ಹೋಗುವ ರೈತನಾಗಲಿ ಯೋಚಿಸುವುದಿಲ್ಲ. ತೊಡಕು ಬರುವುದು ರೂಪಭೇದದಿಂದ. ಪಹಣಿಯಲ್ಲಿ ನಾರಣಪ್ಪ, ಶಾಲಾ ದಾಖಲೆಯಲ್ಲಿ ನಾರಾಯಣಪ್ಪ, ಆಧಾರ್ ಚೀಟಿಯಲ್ಲಿ ನಾರಾಯಣಸ್ವಾಮಿ ಎಂದಿರುವವನು ಮೂವರೂ ತಾನೇ ಎಂದು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ವಿದ್ವಾಂಸನಿಗೆ ಧ್ವನಿವ್ಯತ್ಯಾಸದ ಸ್ವಾರಸ್ಯವಾಗಿ ಕಾಣುವುದು ಅವನಿಗೆ ಜಮೀನಿನ ಹಕ್ಕಿನ ಪ್ರಶ್ನೆ.

ವಿದುರಾಶ್ವತ್ಥದ ಕಡೆಗೆ ಬಂದರೆ ಹೆಸರು ಬೇರೊಂದು ಬಗೆಯಲ್ಲಿ ಸವೆದಿರುವುದು ಕಾಣುತ್ತದೆ. ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿದ್ದ ಅರಳಿಮರವನ್ನು ಮಹಾಭಾರತದ ವಿದುರನು ನೆಟ್ಟನೆಂಬುದು ಐತಿಹ್ಯ. ಆ ಹಳೆಯ ಮರ 2001ರಲ್ಲಿ ಉರುಳಿಬಿದ್ದಿತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಇಲ್ಲಿ ಗೋಲೀಬಾರು ನಡೆದು ಹಲವರು ಮಡಿದ ಮೇಲೆ ಊರಿನ ಹೆಸರಿಗೆ ಚರಿತ್ರೆಯಲ್ಲಿ ಇನ್ನೊಂದು ಅರ್ಥ ಕೂಡಿಕೊಂಡಿತು. ಅದಕ್ಕೂ ಮೊದಲಿನಿಂದ ಇದು ಸಂತಾನಾಪೇಕ್ಷೆಯ ಹರಕೆಯ ಸ್ಥಳ. ಆವರಣದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳು ಆ ಹರಕೆಗಳ ಲೆಕ್ಕಪತ್ರ. ಹರಕೆಯ ಫಲವೆಂದು ಹುಟ್ಟಿದ ಮಗುವಿಗೆ ಅಶ್ವತ್ಥನಾರಾಯಣ, ಅಶ್ವತ್ಥಪ್ಪ, ಅಶ್ವತ್ಥಮ್ಮ ಎಂದು ಹೆಸರಿಡುತ್ತಾರೆ. ಇಲ್ಲಿ ಕರೆಯುವ ಬಾಯಿ ಉಳಿಸಿಕೊಳ್ಳುವುದು ಮರವನ್ನು, ಬಿಟ್ಟುಬಿಡುವುದು ನಾರಾಯಣನನ್ನು. ಇದು ಈ ತಾಲ್ಲೂಕಿಗೇ ಸೀಮಿತವಾದುದಲ್ಲ. ಕನ್ನಡ ಚಲನಚಿತ್ರದ ಪೋಷಕ ನಟ ಮೈಸೂರಿನ ಕೆ.ಎಸ್. ಅಶ್ವಥ್ (1925–2010) ಅವರ ಪೂರ್ಣನಾಮ ಅಶ್ವತ್ಥನಾರಾಯಣ ಎಂಬುದು ಪ್ರೇಕ್ಷಕರಲ್ಲಿ ಅನೇಕರಿಗೆ ತಿಳಿಯದು. ಸುಗಮ ಸಂಗೀತದ ಸಿ. ಅಶ್ವಥ್ (1939–2009) ಅವರೊಡನೆ ಆ ಹೆಸರು ಕನ್ನಡದ ಕಿವಿಗೆ ಪೂರ್ತಿಯಾಗಿ ಮರದ ಹೆಸರೇ ಆಯಿತು. ಅರಳಿಮರವನ್ನು ವಿಷ್ಣುರೂಪವೆಂದು ಪೂಜಿಸುವ ಸಂಪ್ರದಾಯದಲ್ಲಿ ಇದರಿಂದ ನಷ್ಟವೇನೂ ಇಲ್ಲವೆಂದು ಹೇಳಬಹುದಾದರೂ, ನಾಮರೂಪದ ಇತಿಹಾಸದಲ್ಲಿ ಈ ಲೋಪವನ್ನು ಗಮನಿಸಲೇಬೇಕು.

ಕೈವಾರದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಇಲ್ಲಿ ನಾರಾಯಣ ಉಳಿದಿದ್ದಾನೆ ಮಾತ್ರವಲ್ಲ, ಇಮ್ಮಡಿ ಮುಮ್ಮಡಿಯಾಗಿದ್ದಾನೆ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ನಂಬಲಾದ ಈ ಊರಿನಲ್ಲಿ ಬಳೆಗಾರ ವೃತ್ತಿಯ ಬಲಿಜ ಮನೆತನದಲ್ಲಿ ನಾರಣಪ್ಪನವರು ಜನಿಸಿದರು. ಸಂಪ್ರದಾಯದ ಪ್ರಕಾರ ಅವರ ಜೀವಿತಾವಧಿ 1726ರಿಂದ 1836ರವರೆಗೆ, ನೂರಹತ್ತು ವರ್ಷ. ಊರ ದೇವರು ಅಮರನಾರಾಯಣ. ಅಮರರಿಂದ ಪ್ರತಿಷ್ಠಿತನಾದವನೆಂಬ ನಂಬಿಕೆ ಆ ಹೆಸರಿನ ಹಿಂದಿದೆ. ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ ನಾರಣಪ್ಪನವರಿಗೆ ಪರದೇಶಿ ಸ್ವಾಮಿ ಎಂಬ ಗುರು ಉಪದೇಶಿಸಿದ್ದು ನಾರಾಯಣ ಅಷ್ಟಾಕ್ಷರಿಯನ್ನು. ಬಾಯಲ್ಲಿ ಬೆಣಚುಕಲ್ಲನ್ನಿಟ್ಟುಕೊಂಡು ಬೆಟ್ಟದ ಗವಿಯಲ್ಲಿ ಜಪಿಸಿದಾಗ ಕಲ್ಲು ಕಲ್ಲುಸಕ್ಕರೆಯಾಯಿತೆಂಬ ಕಥೆ ಆ ಸೀಮೆಯ ಮಕ್ಕಳಿಗೂ ಗೊತ್ತು. ಹೀಗೆ ಹುಟ್ಟಿನ ಹೆಸರು, ಊರ ದೇವರ ಹೆಸರು, ಗುರುವಿತ್ತ ಮಂತ್ರ ಮೂರೂ ಒಂದೇ ಶಬ್ದದಲ್ಲಿ ಬಂದು ಸೇರಿದ ನಿದರ್ಶನ ಕನ್ನಡ ನಾಡಿನ ಸಂತಪರಂಪರೆಯಲ್ಲಿ ಅಪರೂಪ. ಅವರ ಪದಗಳ ಅಂಕಿತವಾದ ‘ಅಮರನಾರೇಯಣ’ವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಹರಿದಾಸರ ಅಂಕಿತದೊಡನೆ ಹೋಲಿಸಿದರೆ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಶ್ರೀನಿವಾಸ ನಾಯಕನೆಂಬ ವರ್ತಕ ಪುರಂದರವಿಠಲನ ದಾಸನಾದಾಗ ಹುಟ್ಟಿನ ಹೆಸರು ಹಿಂದೆ ಸರಿದು ಅಂಕಿತವೇ ವ್ಯಕ್ತಿನಾಮವಾಯಿತು. ಅಲ್ಲಿ ಅಂಕಿತ ಎಂದರೆ ಹಳೆಯ ಬಾಳಿನಿಂದ ಬಿಡುಗಡೆ. ಕೈವಾರದ ನಾರಣಪ್ಪನವರಲ್ಲಿ ಅಂಥ ವಿಚ್ಛೇದವಿಲ್ಲ. ಬಳೆ ಮಾರುತ್ತಿದ್ದಾಗ ಇದ್ದ ಹೆಸರೇ ಅಂಕಿತದಲ್ಲೂ ಕೇಳಿಸುತ್ತದೆ. ಪದದ ಕೊನೆಯ ‘ನಾರೇಯಣ’ ಕವಿಯ ರುಜುವೋ ದೇವರ ಸಂಬೋಧನೆಯೋ ಎಂದು ಬೇರ್ಪಡಿಸುವುದು ಕಷ್ಟ. ಅಜಾಮಿಳನ ಕೂಗಿನಲ್ಲಿದ್ದ ದ್ವಂದ್ವವೇ ಇಲ್ಲಿ ಕಾವ್ಯದ ನಿಯತ ಸ್ಥಾನದಲ್ಲಿ ಬಂದು ನಿಂತಿದೆ. ಎರಡನ್ನೂ ಬಿಡಿಸುವ ಒಂದೇ ಒಂದು ಪದವೆಂದರೆ ‘ಅಮರ’. ಅದು ಮನುಷ್ಯನ ಹೆಸರಿನ ಭಾಗವಲ್ಲ, ಕೈವಾರದ ಗುಡಿಯ ದೇವರಿಗೆ ಮಾತ್ರ ಸಲ್ಲುವುದು. ತಲಕಾಡಿನ ಕೀರ್ತಿನಾರಾಯಣ, ಮೇಲುಕೋಟೆಯ ಚೆಲುವನಾರಾಯಣ, ತೊಣ್ಣೂರಿನ ನಂಬಿನಾರಾಯಣ, ಗದುಗಿನ ವೀರನಾರಾಯಣ ಎಂಬಲ್ಲಿ ಆ ಆ ಊರಿನ ನಾರಾಯಣನನ್ನು ಬೇರೆ ಮಾಡುವುದು ಪೂರ್ವಪದವೇ. ಎಲ್ಲೆಲ್ಲೂ ಇರುವವನೆಂದು ಒಪ್ಪಿದ ದೇವರಿಗೂ ಊರಿನ ವಿಳಾಸ ಬೇಕಾಗಿದೆ.

ಗದುಗಿನ ಹೆಸರು ಬಂದೊಡನೆ ಇನ್ನೊಬ್ಬ ನಾರಣಪ್ಪನ ನೆನಪಾಗುವುದು ಸಹಜ. ಕುಮಾರವ್ಯಾಸ ಕೂಡ ನಾರಣಪ್ಪ. ಅವನ ಕಾವ್ಯದ ಅಂಕಿತವೂ ಆ ಊರಿನ ನಾರಾಯಣನದು. ಸುಮಾರು ಮೂರು ಶತಮಾನಗಳ ಅಂತರದಲ್ಲಿ, ನಾಡಿನ ಎರಡು ತುದಿಗಳಲ್ಲಿ, ಊರ ದೇವರ ಹೆಸರಿನವನೊಬ್ಬ ಆ ದೇವರ ಅಂಕಿತದಲ್ಲಿ ಹಾಡಿದ ಈ ಸಾಮ್ಯ ಆಕಸ್ಮಿಕವಲ್ಲ. ಹೆಸರಿಡುವ ಪದ್ಧತಿಯೇ ಅದನ್ನು ಸಾಧ್ಯವಾಗಿಸಿದೆ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ಕಾವ್ಯದೊಳಗೆ ಕವಿ ತನ್ನನ್ನು ಕರೆದುಕೊಂಡಿರುವುದು ಕುಮಾರವ್ಯಾಸನೆಂದು. ನಾರಣಪ್ಪ ಎಂಬುದು ಸಂಪ್ರದಾಯ ಉಳಿಸಿಕೊಂಡು ಬಂದ ಹೆಸರು. ದೇವರನ್ನೇ ಕವಿಯೆಂದು ಕರೆದು ತನ್ನನ್ನು ಲಿಪಿಕಾರನೆಂದು ಹೇಳಿಕೊಂಡವನಿಗೆ ದೇವರ ಹೆಸರನ್ನೇ ಜನ ಹಿಂದಿರುಗಿಸಿರಲೂಬಹುದೆಂಬ ಶಂಕೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕೈವಾರದ ನಾರಣಪ್ಪನವರ ವಿಷಯದಲ್ಲಿ ಅಂಥ ಶಂಕೆಗೆ ಎಡೆ ಕಡಿಮೆ. ಅವರು ಕಾಲದಿಂದ ಹತ್ತಿರದವರು, ಜನರ ಸ್ಮೃತಿಯೂ ಮುರಿದಿಲ್ಲ.

ಕನ್ನಡದ ನಾರಾಯಣರಲ್ಲಿ ಇನ್ನೊಂದು ಪ್ರವೃತ್ತಿಯೂ ಗೋಚರಿಸುತ್ತದೆ. ಬರೆಯತೊಡಗಿದ ನಾರಾಯಣರಲ್ಲಿ ಅನೇಕರು ಆ ಹೆಸರನ್ನು ಮರೆಮಾಡಿದ್ದಾರೆ. ಗದುಗಿನವನು ವ್ಯಾಸನ ಕುಮಾರನಾದ. ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಮುದ್ದಣನಾದ. ಎಸ್. ನಾರಾಯಣಶೆಟ್ಟಿಯವರು ‘ಸುಜನಾ’ ಆಗಿ ‘ಯುಗಸಂಧ್ಯಾ’ ಬರೆದರು. ಮೂಲನಾಮವನ್ನು ಉಳಿಸಿಕೊಂಡವರಿಗೆ ಮೊದಲಕ್ಷರಗಳ ಕಾವಲು ಬೇಕಾಯಿತು: ಕೆ.ವಿ. ನಾರಾಯಣ, ಪಿ.ವಿ. ನಾರಾಯಣ ಎಂಬ ಇಬ್ಬರು ಸಮಕಾಲೀನ ವಿದ್ವಾಂಸರನ್ನು ಗ್ರಂಥಸೂಚಿಯಲ್ಲಿ ಕಾಯುತ್ತಿರುವುದು ಒಂದು ಅಕ್ಷರದ ವ್ಯತ್ಯಾಸ. ಪಂಪಭಾರತದ ಸಂಪಾದಕರಾದ ಬೆಳ್ಳಾವೆ ವೆಂಕಟನಾರಣಪ್ಪನವರ (1872–1943) ನೆರವಿಗೆ ಬಂದದ್ದು ಊರು. ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ನಾರಾಯಣಸ್ವಾಮಿ, ‘ಸ್ವಾಮಿ’ಯನ್ನು ಕಳೆದುಕೊಂಡು ಆರ್.ಕೆ. ನಾರಾಯಣ್ ಆದರು. ಸಾಮಾನ್ಯ ನಾಮವು ಲೇಖಕನಿಗೆ ಸಾಕಾಗುವುದಿಲ್ಲ. ಗುರುತಿಗಾಗಿ ಅವನು ಏನನ್ನಾದರೂ ಸೇರಿಸಬೇಕು, ಕಳೆಯಬೇಕು, ಇಲ್ಲವೇ ಬೇರೊಂದನ್ನು ತೊಡಬೇಕು. ಕೈವಾರದ ಸಂತರು ಸೇರಿಸಿದ್ದು ಗುಡಿಯನ್ನು. ತಮ್ಮನ್ನು ಇತರ ನಾರಾಯಣರಿಂದ ಬೇರ್ಪಡಿಸಿಕೊಳ್ಳುವುದು ಅವರ ಉದ್ದೇಶವಾಗಿರಲಿಕ್ಕಿಲ್ಲವಾದರೂ ಪರಿಣಾಮ ಅದೇ ಆಗಿದೆ.

ಈ ಪರಿಣಾಮದ ಮಹತ್ವ ತಿಳಿಯಬೇಕಾದರೆ ಅವರ ಕೃತಿಗಳ ಭಾಷೆಯನ್ನು ನೋಡಬೇಕು. ನಾರಣಪ್ಪನವರು ಕನ್ನಡ ತೆಲುಗುಗಳೆರಡರಲ್ಲೂ ಹಾಡಿದ್ದಾರೆ. ತೆಲುಗಿನ ಪಾಲೇ ಹೆಚ್ಚು. ಕನ್ನಡ ನಾಡಿನಲ್ಲಿ ಕನ್ನಡ ಲಿಪಿಯಲ್ಲಿ ಮುದ್ರಿತವಾಗಿ ಹಾಡಲ್ಪಡುವ ತೆಲುಗು ಪದಗಳನ್ನು ಯಾವ ಸಾಹಿತ್ಯ ಚರಿತ್ರೆಗೆ ಸೇರಿಸಬೇಕೆಂಬ ಗೊಂದಲದಲ್ಲಿ ಎರಡೂ ಕಡೆಯವರು ಅವರನ್ನು ಅಂಚಿನಲ್ಲಿ ನಿಲ್ಲಿಸಿದ್ದಾರೆ. ದ್ವಿಭಾಷಿಕತೆಯನ್ನು ಕೊರತೆಯೆಂದು ಕಾಣುವ ಈ ದೃಷ್ಟಿ ಹೊಸದು, ಸರಿಯಾದುದೂ ಅಲ್ಲ. ತೆಲುಗು ಸಾಹಿತ್ಯದ ಆದಿಯಲ್ಲಿಯೇ ಒಬ್ಬ ನಾರಾಯಣನಿದ್ದಾನೆ: ನನ್ನಯನ ಭಾರತಕ್ಕೆ ನೆರವಾದ ನಾರಾಯಣಭಟ್ಟ. ಹನ್ನೊಂದನೆಯ ಶತಮಾನದ ನಂದಂಪೂಡಿ ಶಾಸನ ಅವನನ್ನು ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿಕ, ಆಂಧ್ರ ಭಾಷೆಗಳ ಕವಿಯೆಂದು ಹೊಗಳಿದೆ. ಆ ಕಾಲದ ಅರಸನಿಗೆ ಹಲವು ನುಡಿಗಳ ಪಾಂಡಿತ್ಯ ಅಗ್ರಹಾರವನ್ನು ದಾನಮಾಡುವುದಕ್ಕೆ ಕಾರಣವಾಗಿ ಕಂಡಿತು. ಕೈವಾರದವರಿಗೆ ಅದೇ ಗುಣ ಎರಡು ಚರಿತ್ರೆಗಳಲ್ಲೂ ಸ್ಥಾನಸಂಕೋಚಕ್ಕೆ ಕಾರಣವಾಗಿದೆ. ಅಂಕಿತವಾದರೋ ಭಾಷೆ ಬದಲಾದರೂ ಬದಲಾಗುವುದಿಲ್ಲ. ತೆಲುಗು ಪದವೂ ಕನ್ನಡ ಪದವೂ ಕೊನೆಗೆ ಬಂದು ನಿಲ್ಲುವುದು ಅಮರನಾರೇಯಣನಲ್ಲಿ. ನುಡಿಯಿಂದ ವಿಂಗಡಿಸಲಾಗದ ಕವಿಯನ್ನು ನೆಲೆಯಿಂದ ಗುರುತಿಸಲು ಅದು ಒದಗುವ ಸಾಕ್ಷ್ಯ.

ಗ್ರಂಥಾಲಯದ ಸೂಚಿಗಳು ಮತ್ತು ಹಸ್ತಪ್ರತಿ ಪಟ್ಟಿಗಳ ದೃಷ್ಟಿಯಿಂದಲೂ ಇದು ಗಂಭೀರವಾದ ವಿಷಯ. ಕೈವಾರ ನಾರಣಪ್ಪ, ನಾರಾಯಣಪ್ಪ, ಯೋಗಿ ನಾರೇಯಣ, ನಾರೇಯಣ ಯತೀಂದ್ರ, ಕೈವಾರ ತಾತಯ್ಯ ಇವೆಲ್ಲ ಒಬ್ಬರೇ ಎಂದು ತಿಳಿಯದ ಪಟ್ಟಿಕಾರ ಐದು ನಮೂದುಗಳನ್ನು ಮಾಡಬಲ್ಲ. ಇನ್ನೊಂದೆಡೆ ‘ನಾರಾಯಣ ಯತಿ’ ಎಂದಷ್ಟೇ ಇರುವ ತೆಲುಗು ಅಥವಾ ಸಂಸ್ಕೃತ ಪ್ರತಿ ‘ಕೃಷ್ಣಲೀಲಾತರಂಗಿಣಿ’ಯ ನಾರಾಯಣತೀರ್ಥರ ಪರಂಪರೆಗೆ ಸೇರಿದ್ದೋ ಕೈವಾರದ್ದೋ ಎಂದು ತಡವರಿಸಬೇಕಾಗುತ್ತದೆ. ‘ನಾರಾಯಣೀಯಂ’ ಬರೆದ ಮೇಲ್ಪತ್ತೂರಿನ ಭಟ್ಟತಿರಿ, ‘ಸುಮಧ್ವವಿಜಯ’ದ ನಾರಾಯಣ ಪಂಡಿತಾಚಾರ್ಯ, 1356ರಲ್ಲಿ ‘ಗಣಿತಕೌಮುದಿ’ ರಚಿಸಿದ ನಾರಾಯಣ ಪಂಡಿತ ಹೀಗೆ ಈ ಹೆಸರಿನವರು ಶಾಸ್ತ್ರ, ಸ್ತೋತ್ರ, ಗಣಿತಗಳಲ್ಲೆಲ್ಲ ಹರಡಿಕೊಂಡಿರುವಾಗ ಬರಿಯ ‘ನಾರಾಯಣ’ ಎಂಬ ನಮೂದು ಏನನ್ನೂ ತಿಳಿಸುವುದಿಲ್ಲ. ಕಾಲಜ್ಞಾನದ ಪದಗಳಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನ ಪ್ರಚಲಿತವಾಗಿರುವ ಭಾಷೆಯಲ್ಲಿಯೇ ಕೈವಾರದ ಕಾಲಜ್ಞಾನವೂ ಇದೆ. ಎರಡೂ ಬಾಯಿಂದ ಬಾಯಿಗೆ ಬಂದವು. ಅಂತಹ ಸಾಹಿತ್ಯದಲ್ಲಿ ಅಂಕಿತ ಬಿಟ್ಟುಹೋದ ಪದಕ್ಕೆ ಒಡೆಯನನ್ನು ಹುಡುಕುವುದು ಬಿನ್ ಇಲ್ಲದ ಪಹಣಿಯಲ್ಲಿ ಹಕ್ಕುದಾರನನ್ನು ಹುಡುಕಿದಂತೆಯೇ.

ಈ ಚರ್ಚೆಯಲ್ಲಿ ಇದುವರೆಗೆ ಬಂದವರೆಲ್ಲ ಗಂಡಸರೆಂಬುದು ಆಕಸ್ಮಿಕವಲ್ಲ. ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾರಾಯಣಮ್ಮ ಎಂಬುದು ನಾರಾಯಣಪ್ಪನಷ್ಟೇ ಪರಿಚಿತವಾದ ಹೆಸರು. ಸಂಸ್ಕೃತದ ನಾರಾಯಣಿ ದೇವಿಯ ಹೆಸರು. ಅದು ಸ್ತೋತ್ರಗಳಲ್ಲಿ ಪ್ರಸಿದ್ಧ. ನಾರಾಯಣಮ್ಮನಾದರೋ ಪುರುಷದೈವದ ಹೆಸರಿಗೇ ‘ಅಮ್ಮ’ ಸೇರಿ ಆದದ್ದು, ಪೂರ್ತಿಯಾಗಿ ಈ ನೆಲದ ಸೃಷ್ಟಿ. ಆದರೆ ಕಾವ್ಯಚರಿತ್ರೆಯಲ್ಲಿ ಅವಳಿಗೆ ಅಂಕಿತವಿಲ್ಲ. ದಾಖಲೆಯಲ್ಲಿ ಅವಳು ಬರುವುದು ‘ಕೋಂ’ ಎಂಬ ಅಕ್ಷರದ ಎಡಗಡೆಯಲ್ಲಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಹಳೆಯ ರೂಢಿಯಿಂದಾಗಿ, ನಾರಾಯಣಪ್ಪನ ಹೆಂಡತಿಯಾದವಳಿಗೆ ಭಜನೆಯಲ್ಲಿ ದೇವರ ಹೆಸರೂ ಇಕ್ಕಟ್ಟಿನದೇ. ವ್ಯಕ್ತಿನಾಮಗಳ ಕ್ಷೇತ್ರಕಾರ್ಯ ಮಾಡುವವರು ಈ ಮೌನವನ್ನೂ ಒಂದು ಸಾಮಗ್ರಿಯೆಂದು ಪರಿಗಣಿಸಬೇಕು.

ಹಿರಿಯರ ಹೆಸರು ಹಿಡಿದು ಕರೆಯಬಾರದೆಂಬ ಅದೇ ನಿಯಮ ಕೈವಾರದ ಸಂತರಿಗೂ ಅನ್ವಯಿಸಿದೆ. ‘ಯೋಗಿ ನಾರೇಯಣ ಯತೀಂದ್ರ’ ಎಂಬುದು ಗ್ರಂಥಗಳ ಮುಖಪುಟದ ಮತ್ತು ಉತ್ಸವದ ಕರಪತ್ರಗಳ ಹೆಸರು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೊರಟ ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಯವನಿಗೆ ಅವರು ತಾತಯ್ಯ. ತೆಲುಗಿನ ‘ತಾತ’ನಿಗೆ ‘ಅಯ್ಯ’ ಸೇರಿದ ಈ ಸಂಬಂಧವಾಚಕವನ್ನು ಕನ್ನಡ ಮಾತನಾಡುವವರೂ ಹಾ��ೆಯೇ ಬಳಸುತ್ತಾರೆ. ನಾರಾಯಣ ಎಂಬುದನ್ನು ಅವರು ಗುಡಿಯ ದೇವರಿಗೂ ತಮ್ಮ ಮೊಮ್ಮಕ್ಕಳಿಗೂ ಬಿಟ್ಟುಕೊಟ್ಟಿದ್ದಾರೆ.